ಸಲೈನ್ ಮುಟ್ಟಬಾರದ ಕೈ

ಬೆಳಗಿನ ಜಾವ. ವಾರ್ಡಿನ ಕಿಟಕಿಗಳು ಇನ್ನೂ ಕಪ್ಪಗಿವೆ. ಮೂಲೆಯ ಮಂಚದಲ್ಲಿ ಪಾರ್ಶ್ವವಾಯು ಹೊಡೆದ ಅಜ್ಜ. ಆಯಾ ಒಂದು ಕೈಯನ್ನು ಅವರ ಭುಜಕ್ಕೆ, ಇನ್ನೊಂದನ್ನು ಸೊಂಟಕ್ಕೆ ಕೊಟ್ಟು ಮಗ್ಗುಲಿಗೆ ಹೊರಳಿಸುತ್ತಾರೆ, ಒದ್ದೆ ಹಾಸನ್ನು ಸುತ್ತಿ ಎಳೆಯುತ್ತಾರೆ, ಒಣಗಿದ್ದನ್ನು ಹಾಸುತ್ತಾರೆ. “ಗೋಡೆ ನೋಡಿ ನೋಡಿ ಬೇಜಾರಾಗಿರುತ್ತೆ ಅಜ್ಜಾ, ಸ್ವಲ್ಪ ಹೊತ್ತು ನನ್ನ ಮುಖ ನೋಡಿ,” ಎನ್ನುತ್ತಾರೆ. ಅಜ್ಜ ಅರ್ಧ ಬಾಯಲ್ಲಿ ನಗುತ್ತಾರೆ. ಹೀಗೆ ಇಪ್ಪತ್ತೆಂಟು ಮಂಚಗಳಿವೆ.

ಪಕ್ಕದ ಮಂಚದ ಸಲೈನ್ ಬಾಟಲಿ ಬರಿದಾಗುತ್ತಿದೆ. “ನರ್ಸಮ್ಮಾ, ಮುಗೀತಲ್ಲ, ನಿಲ್ಸಿ,” ಎಂದು ರೋಗಿಯ ಹೆಂಡತಿ ಗಾಬರಿಯಾಗುತ್ತಾರೆ. ಕೊಳವೆಯ ಮೇಲಿನ ಪುಟ್ಟ ಗಾಲಿಯನ್ನು ಹೆಬ್ಬೆರಳಲ್ಲಿ ತಿರುಗಿಸಿದರೆ ಸಾಕು. ಆಯಾ ಅವರ ಕೈ ಅರ್ಧಕ್ಕೆ ಏಳುತ್ತದೆ. ಮರುಕ್ಷಣ ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡು, “ನಾನು ನರ್ಸ್ ಅಲ್ಲಮ್ಮ, ಆಯಾ,” ಎನ್ನುತ್ತಾರೆ. “ಹಾಗಾದ್ರೆ ನಿಂತಿದ್ದೀಯಲ್ಲ, ಹೋಗಿ ಕರಿ!” ಬಹುವಚನ ಏಕವಚನಕ್ಕೆ ಇಳಿಯಲು ಅಷ್ಟು ಸಾಕು.

ನರ್ಸ್ ಬರುತ್ತಾರೆ, ಗಾಲಿ ತಿರುಗಿಸುತ್ತಾರೆ. ಚುರುಕು ಕೈ, ಒಳ್ಳೆಯ ಹೆಂಗಸು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಆಯಾ ಈ ನರ್ಸನ್ನು ವಾರ್ಡಿನಲ್ಲಿ ‘ಮೇಡಂ’ ಎನ್ನುತ್ತಾರೆ, ಮೆಟ್ಟಿಲ ಮೇಲೆ ಟೀ ಕುಡಿಯುವಾಗ ‘ಲೇ’. ಇಬ್ಬರೂ ಮೂರು ಮೂರು ವರ್ಷ ನರ್ಸಿಂಗ್ ಓದಿದ್ದಾರೆ. ಒಬ್ಬರ ಸಂಬಳ ಇನ್ನೊಬ್ಬರದರ ಮೂರು ಪಟ್ಟು. ಹೇಗೆ ಅಂತೀರಾ? ಕೇಳಿ, ನಿಮಗೂ ಮೈ ಉರಿಯಲಿ.

ಅಂದು ಇಬ್ಬರಿಗೂ ಸರ್ಕಾರಿ ಆಸ್ಪತ್ರೆಯ ಹಳೇ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಬಿರುಕು ಬಿಟ್ಟ ಗೋಡೆ, ಕುಂಟುವ ಬೆಂಚು. ಗೆಳತಿ ಅಲ್ಲೇ ಸೇರಿದರು. ಆಗ ಖಾಸಗಿ ನರ್ಸಿಂಗ್ ಕಾಲೇಜೊಂದರ ಬಣ್ಣದ ಪುಸ್ತಿಕೆ ಹಿಡಿದು ಆಯಾ ಅವರ ಮನೆಗೆ ಬಂದವನು ಸೋದರಮಾವ. “ಆ ಪಾಳುಮನೇಲಿ ಏನು ಕಲೀತೀಯ ಮಗಳೇ? ಇಲ್ಲಿ ಲಿಫ್ಟ್ ಇದೆ ನೋಡು,” ಎಂದ. ಮನೆಮಂದಿಯೆಲ್ಲ ನೋಡಲು ಹೋದರು. ಹೊಳೆಯುವ ನೆಲ, ಗಾಜಿನ ಪೆಟ್ಟಿಗೆಯಲ್ಲಿ ಅಸ್ಥಿಪಂಜರ, ದುಡ್ಡು ಕಟ್ಟಿದ ದಿನವೇ ಗರಿಗರಿ ಬಿಳಿ ಸಮವಸ್ತ್ರ. ಅದನ್ನು ತೊಟ್ಟು ಬಂದ ಮಗಳನ್ನು ಕಂಡು ಅಮ್ಮ ಅತ್ತೇಬಿಟ್ಟರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತಿತ್ತು, ಆ ದಿನ ಒಬ್ಬರಿಗೂ ನೆನಪಾಗಲಿಲ್ಲ.

ಓದು ಮುಗಿಸಿ ಈಕೆ, ನರ್ಸ್‌ಗಳ ಹೆಸರು ದಾಖಲಿಸುವ ಕಚೇರಿಗೆ ಹೋದರು. ಅಲ್ಲಿ ಹೆಸರಿಲ್ಲದವರು ನರ್ಸ್ ಅಲ್ಲ. “ಈ ಕಾಲೇಜಿಗೆ ಮಾನ್ಯತೆನೇ ಇಲ್ವಲ್ಲಮ್ಮ,” ಎಂದರು ಕೌಂಟರಿನವರು. ಕಾಲೇಜಿಗೆ ಓಡಿದರೆ, “ಮಾನ್ಯತೆ ಬರ್ತಾ ಇದೆ.” ಅದು ಇವತ್ತಿಗೂ ಬರ್ತಾ ಇದೆ, ಯಾವ ಆಮೆಯ ಬೆನ್ನೇರಿದೆಯೋ!

“ನಿಯಮ ಸರಿ ಇದೆ ಸರ್,” ಎನ್ನುತ್ತಾರೆ ಆಯಾ, ವಾರ್ಡಿಗೆ ಬಂದು ಕಥೆ ಕೇಳುತ್ತಿರುವ ನನಗೆ. “ಕಂಡಕಂಡವರೆಲ್ಲ ಸೂಜಿ ಹಿಡಿದ್ರೆ ರೋಗಿ ಗತಿ ಏನು? ಆದ್ರೆ ಅವರು ಅಷ್ಟು ದೊಡ್ಡ ಬೋರ್ಡ್ ಹಾಕ್ಕೊಂಡು ಕೂತಿದ್ರಲ್ಲ, ಅವರನ್ನ ಯಾಕೆ ಯಾರೂ ಕೇಳ್ಲಿಲ್ಲ?”

ನನಗೆ ಇಷ್ಟು ಸಮಾಧಾನವಿಲ್ಲ. ಆ ಕಾಲೇಜಿನ ಮಾಲೀಕ ಹೆಸರು ಬದಲಿಸಿ, ಸುಣ್ಣಬಣ್ಣ ಬಳಿದು ಮತ್ತೆ ಅಂಗಡಿ ತೆರೆದಿದ್ದಾನೆ. ನಾವೋ, ಇಂಥವರನ್ನು ಎಲೆಮರೆಯ ಕಾಯಿ ಎಂದು ಹೊಗಳಿ ಕೈತೊಳೆದುಕೊಳ್ಳುತ್ತೇವೆ. ಈಕೆ ಎಲೆಯ ಮರೆಗೆ ತಾನಾಗಿ ಹೋದವರಲ್ಲ, ನೂಕಿದ್ದಾರೆ.

ಈ ವರ್ಷ ತಂಗಿಯ ಸರದಿ. ಅವಳಿಗೂ ಹಳೇ ಶಾಲೆಯಲ್ಲೇ ಸೀಟು ಬಂದಿದೆ. ಮಾವ ಮತ್ತೆ ಬಂದ, ಹೊಸ ಹೆಸರಿನ ಅದೇ ಕಾಲೇಜಿನ ಪುಸ್ತಿಕೆಯೊಂದಿಗೆ. ತಲೆಗಿಷ್ಟು ಎಂದು ಅವನಿಗೆ ಕಮಿಷನ್ ಸಿಗುವುದು ಈಗ ಮನೆಗೆಲ್ಲ ಗೊತ್ತು. ಆದರೂ ಅಮ್ಮನಿಗೆ ಇರುವವನು ಒಬ್ಬನೇ ತಮ್ಮ. “ಈ ಸಲ ಎಲ್ಲ ಸರಿ ಇದೆಯಂತೆ ಕಣೇ,” ಎಂದರು. ತಂಗಿಗೆ ಪುಸ್ತಿಕೆಯಲ್ಲಿದ್ದ ಎಸಿ ಬಸ್ಸು ಹಿಡಿಸಿಬಿಟ್ಟಿತ್ತು.

ಆಯಾ ಜಗಳವಾಡಲಿಲ್ಲ. ಡ್ಯೂಟಿ ಮುಗಿಸಿ ಅಮ್ಮನನ್ನೂ ತಂಗಿಯನ್ನೂ ಅದೇ ಕೌಂಟರಿಗೆ ಕರೆದೊಯ್ದು, “ಎರಡೂ ಹೆಸರು ಹೇಳಿ, ಮಾನ್ಯತೆ ಇದೆಯಾ ಅಂತ ನೀನೇ ಕೇಳು,” ಎಂದು ತಂಗಿಯನ್ನು ಮುಂದೆ ನಿಲ್ಲಿಸಿದರು. ಹಳೇ ಶಾಲೆಗೆ ಮಾನ್ಯತೆ ಇತ್ತು. ಲಿಫ್ಟಿನ ಕಾಲೇಜಿಗೆ ಇರಲಿಲ್ಲ. ಒಂದು ಲೋಟ ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

“ಇಷ್ಟೇ ಕೆಲಸ ಸರ್,” ಎನ್ನುತ್ತಾರೆ ಆಯಾ. “ಆವತ್ತು ನೆಲ ನೋಡಿದ್ವಿ, ಲಿಫ್ಟ್ ನೋಡಿದ್ವಿ, ಅಡುಗೆಮನೆ ಸಹ ನೋಡಿದ್ವಿ. ಇದೊಂದನ್ನ ಕೇಳ್ಲಿಲ್ಲ. ಸ್ವಂತ ಮಾವ ಕರ್ಕೊಂಡು ಹೋಗಿರುವಾಗ ಕೇಳೋದು ಹೇಗೆ? ಅವನಿಗೆ ಅವಮಾನ ಮಾಡಿದ ಹಾಗಲ್ವಾ?”

ಸಂಜೆ ಮಾವ ಕೂಗಾಡಿದ. ನಂಬಿಕೆ ಇಲ್ಲದ ಮನೆಗೆ ಇನ್ನು ಕಾಲಿಡುವುದಿಲ್ಲ ಎಂದ. ಅಮ್ಮ ಬಾಗಿಲಿಗೆ ಹೋಗಿ ಅವನ ಚಪ್ಪಲಿಗಳನ್ನು ಬೀದಿಯ ಕಡೆಗೆ ತಿರುಗಿಸಿಟ್ಟರು. “ನನ್ನ ಒಂದು ಮಗಳನ್ನ ತಿಂದೆ, ಸಾಕು ಕಣೋ,” ಎಂದರು. ಆಮೇಲೆ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತರು.

ಸೋಮವಾರ ತಂಗಿ ಬಿರುಕು ಗೋಡೆಯ ಶಾಲೆಗೆ ಸೇರುತ್ತಾಳೆ. ನೀವೂ ಮತ್ತೆ ಓದಬಹುದಲ್ಲ ಎಂದೆ. “ವಯಸ್ಸಿನ ಮಿತಿ ದಾಟಿದೆ ಸರ್,” ಎಂದರು. ಹಾಗಾದರೆ ಇನ್ನೇನು ಆಸೆ ಎಂದು ಕೇಳಿದೆ. ಕೊಳೆ ಹಾಸುಗಳ ಗಂಟನ್ನು ಹೆಗಲಿಗೇರಿಸಿಕೊಂಡರು.

“ಅವಳು ಓದಿ ಇದೇ ವಾರ್ಡಿಗೆ ಬರ್ಬೇಕು. ‘ಏನು ಆಯಾ, ಎಲ್ಲಿ ಹಾಳಾಗಿ ಹೋಗಿದ್ದೆ, ಬೇಗ ಬಾ’ ಅಂತ ಎಲ್ಲರ ಮುಂದೆ ನನ್ನ ಗದರ್ಬೇಕು. ನಾನು ಓಡಿ ಹೋಗ್ಬೇಕು ಸರ್.”