ದೀಪ ಹಿಡಿದ ಹೆಂಗಸಿನ ನಕಲು

ನಾಗರತ್ನ, ಪಿರಿಯಾಪಟ್ಟಣದ ಆ ಮನೆಯವರಿಗೆ ಮೋಸ ಮಾಡಿದವನು ನಾನು. ಅದನ್ನು ಎಲ್ಲರೆದುರು ನಿನ್ನ ತಲೆಗೆ ಕಟ್ಟಿದವನೂ ನಾನೇ.

ನಿನಗೆ ಇದು ಹದಿಮೂರು ವರ್ಷದಿಂದ ಗೊತ್ತು. ಊರಿಗೆ ಗೊತ್ತಿಲ್ಲ — ಅದಕ್ಕೇ ಬರೆಯುತ್ತಿದ್ದೇನೆ.

ಹುಣಸೂರಿನ ನನ್ನ ಅಂಗಡಿಯಲ್ಲಿ ಪ್ರಸಿದ್ಧ ಚಿತ್ರಗಳನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿ ಮನೆಗಳಿಗೆ ಮಾರುತ್ತಿದ್ದೆ. ಕೊಳ್ಳಲು ಬರುವವರನ್ನು ಕಂಡರೆ ನನಗೆ ಹೇಸಿಗೆ. ಒಬ್ಬ ಸೋಫಾ ಬಟ್ಟೆಯ ಚೂರು ತಂದು, ಆಕಾಶ ಇದೇ ಬಣ್ಣಕ್ಕಿರಲಿ ಎನ್ನುತ್ತಿದ್ದ. ಇನ್ನೊಬ್ಬರಿಗೆ ಹಂಸದ ಜಾಗದಲ್ಲಿ ನವಿಲು ಬೇಕು. ಗೋಡೆಯ ಅಳತೆ ಹೇಳುವಾಗ ಮಾತ್ರ ಅವರ ಕಣ್ಣಿಗೆ ಜೀವ ಬರುತ್ತಿತ್ತು.

ಕಟ್ಟೆಮಳಲವಾಡಿಯಿಂದ ಬೆಳಗಿನ ಬಸ್ಸಿಗೆ ಬಂದು ನನ್ನಲ್ಲಿ ಚಿತ್ರ ಬರೆಯುತ್ತಿದ್ದ ನಿನ್ನನ್ನೂ ಒಳಗೊಳಗೇ ಹೀಯಾಳಿಸುತ್ತಿದ್ದೆ. ನಕಲಿಗೆ ಇಷ್ಟು ಶ್ರದ್ಧೆಯೇ! ನೀನಾಗ ನಕಲು ಮಾಡುತ್ತಿದ್ದದ್ದು ಮೈಸೂರಿನ ಚಿತ್ರಶಾಲೆಯಲ್ಲಿ ಜನ ನಿಂತು ನೋಡುವ, ದೀಪ ಹಿಡಿದ ಹೆಂಗಸಿನ ಚಿತ್ರ. ಅವಳ ಬೆರಳ ಸಂದಿಯ ಕೆಂಪು ಬೆಳಕನ್ನು ನೀನು ಆರು ಸಲ ಒರೆಸಿ ಬರೆದೆ.

“ಯಾರು ನೋಡ್ತಾರೆ ನಾಗರತ್ನ ಅದನ್ನ?” ಎಂದು ನಕ್ಕಿದ್ದೆ.

“ನಾ ನೋಡ್ತೀನಲ್ಲಣ್ಣ,” ಅಂದಿದ್ದೆ ನೀನು.

ಅದನ್ನು ಹೊಸ ಮನೆಯ ಗೃಹಪ್ರವೇಶಕ್ಕೆಂದು ಕೇಳಿದ್ದವರು ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿ ಬಸವರಾಜಪ್ಪ. “ಕೊರಳು ಬೋಳಾಗೈತೆ ಕಣ್ರೀ, ಒಂದು ಕಾಸಿನ ಸರ ಹಾಕ್ಬುಡಿ” ಎಂದಿದ್ದರು. ದಿನ ಹತ್ತಿರ ಬಂದರೂ ನಿನ್ನ ಕೆಲಸ ಮುಗಿಯಲಿಲ್ಲ. ಇವರ ಕಣ್ಣಿಗೆ ಇಷ್ಟೇ ಸಾಕು ಎಂದುಕೊಂಡು ಮೈಸೂರಿನಲ್ಲಿ ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹಾಕಿಸಿ ತಂದೆ. ಕುಂಚದ ಗೆರೆ ಕೈಗೆ ತಗಲಲೆಂದು ಮೇಲೆ ಬಣ್ಣವಿಲ್ಲದ ಅಂಟು ಬಳಿದೆ. ಕಾಸಿನ ಸರವನ್ನಷ್ಟೇ ನಿಜವಾದ ಬಣ್ಣದಲ್ಲಿ ಬರೆದೆ. ಆಮೇಲೆ ನೀನು ಮುಗಿಸಿಕೊಟ್ಟದ್ದನ್ನು ಬೀಚನಹಳ್ಳಿ ಹತ್ತಿರದ ಒಂದು ರೆಸಾರ್ಟಿಗೆ ಮಾರಿಕೊಂಡೆ. ನಿನಗೆ ಮಾತ್ರ, ತಡವಾದರೂ ಪಿರಿಯಾಪಟ್ಟಣಕ್ಕೇ ಕಳಿಸಿದೆ ಎಂದೆ.

ಎರಡು ತಿಂಗಳಾಗಿರಬೇಕು. ಬಸವರಾಜಪ್ಪನವರ ಅಳಿಯ ಚಿತ್ರದ ಅಂಚನ್ನು ಉಗುರಿನಿಂದ ಕೆರೆದ. ಅಂಟು ಸಿಪ್ಪೆಯಂತೆ ಎದ್ದು ಬಂತು. ಬರೆದವರನ್ನು ಕರೆದುಕೊಂಡು ಬಾ ಎಂದು ನನಗೆ ಫೋನು. ಮೆಚ್ಚಿ ಕರೆಸುತ್ತಿದ್ದಾರೆಂದು ನೀನು ಹಬ್ಬದ ಸೀರೆ ಉಟ್ಟು ಬಂದೆ. ಬಸ್ಸಿನಲ್ಲಿ ನಿನ್ನ ಪಕ್ಕದ ಸೀಟಿನಲ್ಲೇ ಕೂತಿದ್ದೆ — ಹೇಳಬಹುದಿತ್ತು. ಹೇಳಲಿಲ್ಲ.

“ಏನಪ್ಪಾ ಇದು, ಪ್ರಿಂಟಾ?” ಎಂದರು ಬಸವರಾಜಪ್ಪ.

ನನಗೆ ಯೋಚಿಸುವುದೂ ಬೇಕಾಗಲಿಲ್ಲ. “ಮಾಡಿದ್ದು ಈಯಮ್ಮ ಯಜಮಾನ್ರೇ. ನನಗೂ ಮೋಸ ಮಾಡವ್ಳೆ.”

ನೀನು ಗೋಡೆಯತ್ತ ನೋಡಿದೆ, ಆಮೇಲೆ ನನ್ನತ್ತ. “ಇದು ನಂದಲ್ಲ” — ಅಷ್ಟೇ ಅಂದದ್ದು. ಕೈಯಲ್ಲಿ ಬರೆದದ್ದಲ್ಲವೆಂದು ನೀನೇ ಹೇಳಿದಂತಾಯಿತು; ಅವರು ಅದನ್ನೇ ತಪ್ಪೊಪ್ಪಿಗೆ ಎಂದುಕೊಂಡರು. “ಹೆಂಗ್ಸಾಗಿ ಇಂತಾ ಕೆಲ್ಸ ಮಾಡೋಕೆ ನಾಚ್ಕೆ ಆಗಾಕಿಲ್ವಾ?” ಎಂದು ಅವರ ಹೆಂಡತಿ ಗದರಿದರು. ನಾನು ತಲೆಯಾಡಿಸಿದೆ. ಹೌದು, ಅವರ ಜೊತೆ ಸೇರಿ ತಲೆಯಾಡಿಸಿದೆ.

ಸುದ್ದಿ ನಿನ್ನೂರಿಗೂ ಮುಟ್ಟಿತು. ನಿನ್ನ ಗಂಡ ಕುಂಚಗಳನ್ನು ಒಲೆಗೆ ಹಾಕಿದನೆಂದು ಯಾರೋ ಹೇಳಿದರು. ಈಗ ಕೂಲಿಗೆ ಹೊಗೆಸೊಪ್ಪು ಕಟ್ಟಲು ಹೋಗುತ್ತೀಯಂತೆ. ನನ್ನ ಅಂಗಡಿ ಒಂದು ದಿನವೂ ಮುಚ್ಚಲಿಲ್ಲ.

ಹೋದ ವಾರ, ಇನ್ನೊಂದು ಚಿತ್ರಕ್ಕೆ ಗೋಡೆಯ ಅಳತೆ ತೆಗೆಯಲು ಕರೆದರೆಂದು, ಬಸವರಾಜಪ್ಪನವರ ಮನೆಗೆ ಹೋಗಿದ್ದೆ. ಚಿತ್ರದ ಜಾಗದಲ್ಲಿ ಟಿವಿ ಇತ್ತು. ಚಿತ್ರ ಎಲ್ಲಿಗೆ ಹೋಯಿತೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಆದರೆ ಅವರ ಹೆಂಡತಿ ಕಾಫಿ ತರುತ್ತಲೇ ಕೇಳಿದರು, “ಆ ಕಳ್ಳಿ ಇನ್ನೂ ನಿಮ್ಮತ್ರ ಅವ್ಳಾ?”

“ಕಳ್ಳ ನಾನು ಕಣಮ್ಮ,” ಎಂದು ಎಲ್ಲವನ್ನೂ ಹೇಳಿದೆ.

ಅವರು ಕಾಫಿ ಲೋಟವನ್ನು ನನ್ನೆದುರು ಇಡಲಿಲ್ಲ. ಒಳಕ್ಕೆ ತೆಗೆದುಕೊಂಡು ಹೋದರು. ತಿರುಗಿ ಬಂದು, “ನಮ್ಗ್ಯಾಕೆ ಹೇಳ್ತೀರಿ? ಅವ್ಳ ಮನೆ ಮುಂದೆ ನಿಂತ್ಕಂಡು ಹೇಳಿ,” ಎಂದರು. ಚಿತ್ರವೆಂದರೇನೆಂದು ಈ ಜನಕ್ಕೆ ತಿಳಿಯದು ಎಂದು ಇಷ್ಟು ಕಾಲ ಮೂಗು ಮುರಿದವನು ನಾನು. ನನ್ನ ಮಾತು ಮುಗಿದ ಕೂಡಲೇ ಆಕೆಗೆ ತಿಳಿಯಿತು — ನಾನು ಎಂಥವನೆಂದು.

ಭಾನುವಾರ ಬರುತ್ತೇನೆ ನಾಗರತ್ನ, ನಿನ್ನ ಗಂಡ, ಅತ್ತೆ ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ. ಒಳಗೆ ಕರೆಯಬೇಡ. ಬೀದಿಯಲ್ಲೇ ನಿಂತು ಹೇಳುತ್ತೇನೆ, ಅಕ್ಕಪಕ್ಕದವರಿಗೂ ಕೇಳಿಸುವ ಹಾಗೆ.