ರೈಟಣ್ಣನ ಎರಡು ಸೀಟಿ

ಬಸ್ ಡಿಪೋದವರು ಅವನಿಗೆ ಇಟ್ಟ ಹೆಸರು ರೈಟಣ್ಣ. ಮೂವತ್ತೊಂದು ವರ್ಷ ಕಂಡಕ್ಟರಾಗಿ ‘ರೈಟ್, ರೈಟ್’ ಎಂದು ಕೂಗಿ ಕೂಗಿ, ಹೆಂಡತಿ ಊಟ ಬಡಿಸಿ ಉಪ್ಪು ಸರಿಯಾಗಿದೆಯಾ ಎಂದು ಕೇಳಿದರೂ ಅವನ ಬಾಯಿಂದ ಅದೇ ಉತ್ತರ ಬರುತ್ತಿತ್ತು. ಕೊರಳಲ್ಲಿ ಸದಾ ಒಂದು ಸೀಟಿ. ಒಂದು ಸಲ ಊದಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಅವನ ಪ್ರಾಯದ ಕಾಲದಲ್ಲಿ ಒಂದು ಸೀಟಿಗೆ ಬಸ್ಸಷ್ಟೇ ಅಲ್ಲ, ಪಕ್ಕದ ಹಳಿಯ ಮೇಲಿನ ರೈಲೂ ತನ್ನನ್ನೇ ಕರೆದರೇನೋ ಎಂದು ನಿಂತು ನೋಡುತ್ತಿತ್ತಂತೆ. ನಂಬದವರು ಆ ಸೀಟಿಯನ್ನು ಹತ್ತಿರದಿಂದ ಕೇಳಿದವರಲ್ಲ.

ಕೊನೆಗೊಂದು ದಿನ ಮೊಣಕಾಲೇ ಕೈಕೊಟ್ಟಿತು. ಪ್ರಯಾಣಿಕರು ಮರೆತುಹೋದ ಸಾಮಾನಿನ ಕೋಣೆಯಲ್ಲಿ ಅವನನ್ನು ಕೂರಿಸಿದರು. ಅಲ್ಲಿ ಇಡೀ ಊರಿಗೆ ಸೂರು ಹಾಕುವಷ್ಟು ಛತ್ರಿಗಳಿದ್ದವು. ಜೋಡಿ ಕಳೆದುಕೊಂಡ ಚಪ್ಪಲಿಗಳಿದ್ದವು. ಯಾರೋ ನಗುತ್ತಾ ಬಿಟ್ಟುಹೋದ ಒಂದು ಹಲ್ಲಿನ ಸೆಟ್ಟಿತ್ತು. ಒಂದು ಬಾಸ್ಕೆಟ್‌ಬಾಲೂ ಇತ್ತು.

ಆ ಚೆಂಡನ್ನು ದಿನವೂ ಸಹಿ ಹಾಕಿ ಒಯ್ಯುತ್ತಿದ್ದವಳು ಅವನ ಮಗಳು, ಡಿಪೋದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಚಿಕ್ಕವಳಿದ್ದಾಗ ಅಪ್ಪನ ಡ್ಯೂಟಿ ಮುಗಿಯುವವರೆಗೆ ವರ್ಕ್‌ಶಾಪಿನ ಹಿಂದಿನ ಕೋರ್ಟಿನಲ್ಲಿ ಆಡಿಯೇ ಬೆಳೆದವಳು. ಈಗ ಮಹಿಳಾ ತಂಡದ ಕ್ಯಾಪ್ಟನ್. ತಂಡವೆಂದರೆ ಅವಳು, ಇಬ್ಬರು ಕಂಡಕ್ಟರಮ್ಮಂದಿರು, ಪಾಸ್ ಕೌಂಟರಿನವಳು ಮತ್ತು ಕ್ಯಾಂಟೀನಕ್ಕ. ಹಿಂದಿನ ವರ್ಷ ಅರವತ್ತನಾಲ್ಕು–ಎರಡರಲ್ಲಿ ಸೋತಿದ್ದರು. ಆ ಎರಡನ್ನೂ ಎದುರಾಳಿಗಳೇ ದಿಕ್ಕು ತಪ್ಪಿ ಹಾಕಿಕೊಟ್ಟಿದ್ದರು. ಅದನ್ನು ನೋಡಿದ ಕೋಚ್ ಮನೆಗೆ ಹೋಗಿ ಮಲಗಿದವನು ಮತ್ತೆ ಡಿಪೋ ಕಡೆ ತಲೆ ಹಾಕಲಿಲ್ಲ.

ಮ್ಯಾನೇಜರ್ ಒಂದು ದಿನ ಅಪ್ಪ ಮಗಳಿಬ್ಬರನ್ನೂ ಕರೆಸಿದರು.

“ಈ ಸಲ ಒಂದು ಮ್ಯಾಚಾದ್ರೂ ಗೆಲ್ಲಿ. ಇಲ್ಲಾಂದ್ರೆ ಆ ಕೋರ್ಟಲ್ಲಿ ಹಳೇ ಟೈರ್ ಪೇರಿಸ್ತೀನಿ.”

“ಕೋಚ್ ಇಲ್ಲ ಸಾರ್,” ಎಂದಳು ಮಗಳು.

“ನಿಮ್ಮಪ್ಪ ಇದಾರಲ್ಲಮ್ಮ. ಸೀಟಿ ಇದೆ, ಕೆಲಸ ಇಲ್ಲ. ಇನ್ನೇನು ಬೇಕು?”

ಹೊರಗೆ ಬಂದ ಮೇಲೆ ಅವಳು ಕೇಳಿದಳು, “ಅಪ್ಪ, ನಿಂಗೆ ಬಾಸ್ಕೆಟ್‌ಬಾಲ್ ಗೊತ್ತಾ?”

“ರಿಂಗಿನೊಳಗೆ ಚೆಂಡು ಹಾಕೋದು ತಾನೆ? ಐವತ್ತು ಸೀಟಿನ ಬಸ್ಸಲ್ಲಿ ನೂರಾ ಹತ್ತು ಜನ ಹಾಕಿದೀನಿ. ಒಂದು ಚೆಂಡು ಯಾವ ಲೆಕ್ಕ?”

ಮರುದಿನವೇ ಐವರನ್ನೂ ಬೆಳಗಿನ ತುಂಬಿದ ಬಸ್ಸಿಗೆ ಹತ್ತಿಸಿದ. ಚೆಂಡು ಹಿಡಿದು ಮುಂಬಾಗಿಲಿಂದ ಹಿಂಬಾಗಿಲಿಗೆ ಹೋಗಬೇಕು, ಯಾರ ಕಾಲನ್ನೂ ತುಳಿಯಬಾರದು, ಯಾರ ಬಾಯಿಂದಲೂ ಬೈಸಿಕೊಳ್ಳಬಾರದು. “ಕೈ ನೋಡ್ಬೇಡಿ, ಭುಜ ನೋಡಿ. ಇಳಿಯೋನ ಭುಜ ಮೂರು ಸ್ಟಾಪ್ ಮೊದಲೇ ಹೇಳಿಬಿಡುತ್ತೆ.” ಮೊದಲ ದಿನ ಕ್ಯಾಂಟೀನಕ್ಕ ದಾಟಿದ ದಾರಿಯಲ್ಲಿ ಇಬ್ಬರು ಕನ್ನಡಕ ಹುಡುಕುತ್ತಿದ್ದರು, ಒಬ್ಬ ಕಿಟಕಿಗೆ ಅಂಟಿಕೊಂಡಿದ್ದ. ಎಂಟನೆಯ ದಿನ ಆಕೆ ಎಷ್ಟು ನಾಜೂಕಾಗಿ ನುಸುಳಿದಳೆಂದರೆ ನಿಂತು ತೂಕಡಿಸುತ್ತಿದ್ದ ಮುದುಕನ ಕನಸಿಗೂ ಅಡ್ಡಿಯಾಗಲಿಲ್ಲ.

ಬಸ್ಸೆಲ್ಲ ರಸ್ತೆಗಿಳಿದು ಡಿಪೋ ಖಾಲಿಯಾದ ಹೊತ್ತಲ್ಲಿ ಕೋರ್ಟಿನ ಅಭ್ಯಾಸ. “ಒಂದು ಸೀಟಿಗೆ ನಿಂತುಬಿಡಿ. ಎರಡಕ್ಕೆ ನುಗ್ಗಿ. ಮಧ್ಯೆ ಯೋಚನೆ ಮಾಡ್ಬೇಡಿ, ಯೋಚನೆಗೆ ನಾನಿದೀನಿ.” ತಿಂಗಳೊಪ್ಪತ್ತಿನಲ್ಲಿ ಐವರೂ ಅವನ ಉಸಿರಿಗೆ ಓಡುವ ಬಸ್ಸುಗಳಾದರು. ರೈಟಣ್ಣನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಗೆ ಎರಡು ಸಲ ಗುಂಡಿ ಹೊಲಿಸಬೇಕಾಯಿತು.

ಪಂದ್ಯ ನೀರು ಸರಬರಾಜು ಕಚೇರಿಯವರ ಜೊತೆ. ಏಣಿಯಿಲ್ಲದೆ ನೀರಿನ ಟ್ಯಾಂಕಿಗೆ ಇಣುಕಬಲ್ಲ ಹೆಂಗಸರು. ಡಿಪೋದ ಕೋರ್ಟಿನಲ್ಲೇ, ಸಂಜೆ ಐದಕ್ಕೆ.

ಐದಕ್ಕೆ. ಆ ಮಾತು ರೈಟಣ್ಣನಿಗೆ ಹೊಳೆಯಬೇಕಿತ್ತು. ಐದಕ್ಕೆ ಡ್ಯೂಟಿ ಬದಲಾಗುತ್ತದೆ, ಬಸ್ಸುಗಳೆಲ್ಲ ಒಂದರ ಹಿಂದೊಂದು ಡಿಪೋಗೆ ಬರುತ್ತವೆ, ಮತ್ತು ಕೋರ್ಟಿನ ಗೋಡೆಯ ಆಚೆಗೇ ಡಿಪೋದ ಗೇಟು.

ಆಟ ಶುರುವಾಗಿ ಎರಡು ನಿಮಿಷವಾಗಿತ್ತು. ಗೋಡೆಯಾಚೆ ಯಾವನೋ ಕಂಡಕ್ಟರು ಒಂದು ಸೀಟಿ ಊದಿದ. ಡಿಪೋದ ಐವರೂ ಗೊಂಬೆಗಳ ಹಾಗೆ ನಿಂತರು. ನೀರಿನವರು ಆರಾಮಾಗಿ ಹೋಗಿ ಚೆಂಡು ಹಾಕಿ ಬಂದರು. ಇನ್ನೊಂದು ಬಸ್ಸು ಹಿಂದಕ್ಕೆ ಬರುವಾಗ ಎರಡೆರಡು ಸೀಟಿ ಕೇಳಿತು. ಕ್ಯಾಂಟೀನಕ್ಕ ಚೆಂಡು ಹಿಡಿದು ನುಗ್ಗಿದವಳು ಕೋರ್ಟು ದಾಟಿ, ವರ್ಕ್‌ಶಾಪು ದಾಟಿ, ಕ್ಯಾಂಟೀನಿನ ಒಲೆಯ ಮುಂದೆ ನಿಂತಳು. ರೆಫರಿ ತನ್ನ ನಿಯಮದ ಪುಸ್ತಕ ತಿರುವಿ ನೋಡಿದ. ಬಸ್ಸಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಅರ್ಧ ಆಟಕ್ಕೆ ಇಪ್ಪತ್ತೊಂದು–ಆರು.

ಮಗಳು ಬೆವರು ಒರೆಸಿಕೊಳ್ಳುತ್ತಾ ಬಂದಳು. “ಅಪ್ಪ, ನಾವು ನಿನ್ನ ಮಾತು ಕೇಳ್ತಿದೀವಾ, ಇಡೀ ಡಿಪೋದ ಮಾತು ಕೇಳ್ತಿದೀವಾ?”

ರೈಟಣ್ಣ ತಪ್ಪೊಪ್ಪಿಕೊಳ್ಳುವ ಜಾತಿಯವನಲ್ಲ. ಎದ್ದು ಕುಂಟುತ್ತಾ ಹೊರಟ.

“ಎಲ್ಲಿಗೆ ಹೊರಟೆ?”

“ಬಸ್ ನಿಲ್ಸೋಕೆ.”

“ಮತ್ತೆ ಆಟ?”

“ನೀನೇ ನೋಡ್ಕೋ. ಭುಜ ನೋಡು, ಸಾಕು.”

ಗೇಟಿನ ಮುಂದೆ ನಿಂತು ಒಂದೇ ಒಂದು ಉದ್ದನೆಯ ಸೀಟಿ ಊದಿದ. ಮೊದಲ ಬಸ್ಸು ಗಕ್ಕನೆ ನಿಂತಿತು. ಅದರ ಹಿಂದೆ ಎರಡನೆಯದು, ಮೂರನೆಯದು, ಕೊನೆಗೆ ಹದಿನಾಲ್ಕು. ಸಾಲಿನ ಬಾಲ ಪಕ್ಕದ ಜಿಲ್ಲೆಯಲ್ಲಿತ್ತು ಎನ್ನುವವರಿದ್ದಾರೆ. ಅಷ್ಟೇನಿಲ್ಲ, ಒಂದೆರಡು ಮಾರು ಕಡಿಮೆ. “ಯಾರೂ ಸೀಟಿ ಊದ್ಬೇಡ್ರಪ್ಪ, ಒಳಗೆ ಮ್ಯಾಚ್ ನಡೀತಿದೆ,” ಎಂದು ಎಲ್ಲ ಕಂಡಕ್ಟರುಗಳಿಗೂ ಹೇಳಿ ಕಳಿಸಿದ.

ಅಲ್ಲಿಂದ ಅವನಿಗೆ ಆಟ ಕಾಣುತ್ತಿರಲಿಲ್ಲ. ಮೊದಲ ಬಸ್ಸಿನ ಡ್ರೈವರು ಅವನ ಹಳೆಯ ಜೊತೆಗಾರ. ಸೀಟಿನ ಮೇಲೆ ಕೂತಲ್ಲಿಂದಲೇ ಗೋಡೆಯಾಚೆ ಕತ್ತು ಚಾಚಿದ.

“ಏನಾಗ್ತಿದೆಯೋ?”

“ಕ್ಯಾಂಟೀನಕ್ಕ ಮೂರು ಜನರ ನಡುವೆ ನುಸುಳಿಬಿಟ್ಲು ಕಣೋ. ಒಬ್ಬಳಿಗೂ ತಾಗಲಿಲ್ಲ.”

“ಮುಂದೆ ಹೇಳೋ.”

“ನಿನ್ನ ಮಗಳು ಚೆಂಡು ಕಸ್ಕೊಂಡ್ಲು. ಅವರು ಎತ್ತ ಎಸೀತಾರೆ ಅಂತ ಮೊದಲೇ ಗೊತ್ತಿರೋ ಹಾಗೆ.”

“ಭುಜ,” ಎಂದ ರೈಟಣ್ಣ, ತನಗೆ ತಾನೇ.

ಇಪ್ಪತ್ತು ನಿಮಿಷ ಹೀಗೇ ಹೋಯಿತು. ಸ್ಕೋರು ಇಪ್ಪತ್ತೊಂಬತ್ತು–ಇಪ್ಪತ್ತೆಂಟು, ನೀರಿನವರು ಒಂದೇ ಒಂದು ಮುಂದೆ. ಇಳಿಯಲು ಹಟ ಹಿಡಿದಿದ್ದ ಪ್ರಯಾಣಿಕರೂ ಈಗ ಕಿಟಕಿಗಳಿಂದ ಅರ್ಧ ಹೊರಗಿದ್ದರು.

“ಕೊನೇ ಹತ್ತು ಸೆಕೆಂಡ್. ಚೆಂಡು ನಿನ್ನ ಮಗಳ ಕೈಲಿದೆ,” ಎಂದ ಡ್ರೈವರು.

“ಮತ್ತೆ?”

“ನಿಂತಿದಾಳೆ.”

“ಅಡ್ಡ ಯಾರಿದಾರೆ?”

“ಯಾರೂ ಇಲ್ಲ, ದಾರಿ ಖಾಲಿ. ಯಾರಾದ್ರೂ ಹೇಳ್ಲಿ ಅಂತ ಕಾಯ್ತಾ ಸುಮ್ನೆ ನಿಂತಿದಾಳೆ ಕಣೋ.”

ಯೋಚನೆ ಮಾಡಬೇಡ ಎಂದು ಕಲಿಸಿದವನು ಅವನೇ. ರೈಟಣ್ಣ ಸೀಟಿ ಬಾಯಿಗಿಟ್ಟ. ಮೂವತ್ತೊಂದು ವರ್ಷದ ಉಸಿರನ್ನೆಲ್ಲ ಕೂಡಿಸಿ ಊದಿದ, ಎರಡು ಸಲ.

ಮಗಳು ನುಗ್ಗಿದಳು. ಹದಿನಾಲ್ಕು ಬಸ್ಸುಗಳೂ ನುಗ್ಗಿದವು.

ಮೊಣಕಾಲು ನೋವು ಮರೆತು ರೈಟಣ್ಣ ಪಕ್ಕಕ್ಕೆ ಹಾರಿದ. ಸುದ್ದಿ ಹೇಳುತ್ತಿದ್ದ ಡ್ರೈವರು ಬಸ್ಸಿನ ಸಮೇತ ಒಳಗೆ ಹೋಗಿಬಿಟ್ಟ. ಗೋಡೆಯಾಚೆ ಭಾರಿ ಕೂಗೆದ್ದಿತು. ಯಾರ ಕೂಗು? ಧೂಳಿನಲ್ಲಿ ಕಣ್ಣು ಕಿರಿದು ಮಾಡಿ ನಿಂತ. ಎಲ್ಲ ಬಸ್ಸೂ ಒಳಗೆ ಹೋದ ಮೇಲೆ, ಗೇಟಿನಿಂದ ಮಗಳು ಓಡಿ ಬಂದಳು. ಏದುಸಿರಿನಲ್ಲಿ ಮಾತು ಹೊರಡಲಿಲ್ಲ. ಹೊರಟದ್ದು ಇಷ್ಟೇ:

“ರೈಟ್, ಅಪ್ಪ.”

ಟೈರುಗಳು ಇದ್ದಲ್ಲೇ ಉಳಿದವು. ಮ್ಯಾನೇಜರ್ ಒಂದು ಕೈಯಲ್ಲಿ ಗೆದ್ದ ಪಂದ್ಯದ ಕಪ್ಪು ಕೊಟ್ಟರು, ಇನ್ನೊಂದು ಕೈಯಲ್ಲಿ ನೋಟಿಸು: ಹದಿನಾಲ್ಕು ಬಸ್ಸುಗಳನ್ನು ಗೇಟಿನಲ್ಲಿ ತಡೆದದ್ದು ಯಾಕೆ, ಲಿಖಿತ ಉತ್ತರ ಕೊಡಿ.

ರೈಟಣ್ಣ ಛತ್ರಿಗಳ ನಡುವೆ ಕೂತು ಎರಡು ದಿನ ತಲೆ ಕೆರೆದುಕೊಂಡ. ಮೂರನೆಯ ದಿನ ಒಂದೇ ಸಾಲು ಬರೆದು ಸಹಿ ಹಾಕಿದ:

“ಒಬ್ಬರು ಹತ್ತುವವರಿದ್ದರು.”