ದಾಳಿಂಬೆ ಗಿಡಕ್ಕೆ ಹಬ್ಬಿದ ಮುಳ್ಳುಬಳ್ಳಿ

ಹೊಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಆ ಬಳ್ಳಿ ಯಾವಾಗ ಹುಟ್ಟಿತೋ ಗೊತ್ತಿಲ್ಲ. ನಾನು ಗಮನಿಸುವ ಹೊತ್ತಿಗೆ ದಾಳಿಂಬೆ ಗಿಡವನ್ನು ಪೂರ್ತಿ ಸುತ್ತಿಕೊಂಡಿತ್ತು. ನೂಲಿನಂಥ ಕಾಂಡ, ಸಬ್ಬಸಿಗೆಯಂಥ ಎಲೆ. ಮುದ್ದಾಗಿದೆಯಲ್ಲ ಎಂದು ಕೈ ಹಾಕಿದರೆ ಕೊಕ್ಕೆಮುಳ್ಳು ಸೆರಗು ಹಿಡಿದು ಬಿಡಲೇ ಇಲ್ಲ. ಫೋನಿನಲ್ಲಿ ಫೋಟೊ ತೆಗೆದು ಹುಡುಕಿದೆ. ಒಮ್ಮೆ ಅಲಂಕಾರದ ಗಿಡ ಎಂದಿತು, ಇನ್ನೊಮ್ಮೆ ಯಾವುದೋ ಜರೀಗಿಡ ಎಂದಿತು.

ಕತ್ತರಿಸಿದಷ್ಟೂ ಚಿಗುರುತ್ತಿತ್ತು. ಫ್ಯಾಕ್ಟರಿಗೆ ರಜೆಯಿದ್ದ ಒಂದು ಭಾನುವಾರ ನನ್ನ ಗಂಡ ಬುಡಸಮೇತ ಕೀಳುತ್ತೇನೆಂದು ಹಾರೆ ಹಿಡಿದರು. ಮಣ್ಣು ಸರಿಸಿದರೆ ಬೆರಳಿನಷ್ಟು ದಪ್ಪದ ಬಿಳಿ ಗಡ್ಡೆ. ಅದರ ಪಕ್ಕದಲ್ಲಿ ಇನ್ನೊಂದು. ಕೆದಕಿದಂತೆಲ್ಲ ಗೊಂಚಲು ಗೊಂಚಲಾಗಿ, ಒಂದನ್ನೊಂದು ಒತ್ತಿಕೊಂಡು ಕೆಳಕ್ಕೆ ಇಳಿಯುತ್ತಲೇ ಹೋದವು. ಮೇಲೆ ಎಳೆಯಂತಿದ್ದದ್ದು ಒಳಗೆ ಇಷ್ಟನ್ನು ಹೊತ್ತಿತ್ತೇ! ಇಬ್ಬರೂ ಗುಂಡಿಯ ಪಕ್ಕ ಕೂತುಬಿಟ್ಟೆವು.

ಅಂಚೆಟ್ಟಿ ಕಡೆಯ ಹಳ್ಳಿಯಿಂದ ಬಂದಿದ್ದ ನನ್ನತ್ತೆ ಬಟ್ಟೆ ಒಣಹಾಕಲು ಹೊರಗೆ ಬಂದವರು ಬಕೆಟ್ಟು ಅಲ್ಲೇ ಇಟ್ಟರು.

"ಲೋ, ನಿಲ್ಸ್ಲಾ! ಹಲವು ಮಕ್ಕಳ ತಾಯಿ ಕಣ್ಲಾ ಅದು!"

"ಯಾರವ್ವಾ ತಾಯಿ?" ಎಂದರು ಇವರು.

"ಆ ಬೇರಿನ ಹೆಸ್ರೇ ಅದು. ತಮಿಳ್ನಾಗೆ ತಣ್ಣೀರ್‌ವಿಟ್ಟಾನ್ ಅಂತಾರೆ. ನೀನು ಹುಟ್ದಾಗ ನಂಗೆ ಎದೆಹಾಲೇ ಬರ್ಲಿಲ್ಲ. ನಮ್ಮವ್ವ ಕಾಡ್ಗೋಗಿ ಇದ್ನ ಅಗ್ದು ತಂದು, ಜಜ್ಜಿ, ಹಾಲ್ನಾಗೆ ಕಾಯ್ಸಿ ಕುಡಿಸಿದ್ಲು. ಆಮ್ಯಾಕೆ ನೀನು ಹೊಟ್ಟೆ ತುಂಬ ಕುಡ್ದು ನಿದ್ದೆ ಮಾಡ್ದೆ."

ಇವರಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಹಾರೆಯನ್ನು ಮೆಲ್ಲಗೆ ನೆಲಕ್ಕಿಟ್ಟು, ಒಂದು ಗಡ್ಡೆಯ ಮಣ್ಣನ್ನು ಹೆಬ್ಬೆರಳಿನಿಂದ ಒರೆಸುತ್ತ ಕೂತರು. ನಾನು ಅತ್ತೆ ಹೇಳಿದ ಹೆಸರನ್ನು ಫೋನಿನಲ್ಲಿ ಹಾಕಿ ನೋಡಿದೆ. ಅದೇ ಎಲೆ, ಅದೇ ಮುಳ್ಳು, ಅದೇ ಗಡ್ಡೆ. ಔಷಧಿ ಅಂಗಡಿಯ ಡಬ್ಬಿಗಳ ಮೇಲೆ ಎಷ್ಟೋ ಸಲ ಓದಿದ್ದ ಶತಾವರಿ ಇದೇ. ಫೋನನ್ನು ಇವರತ್ತ ಹಿಡಿದೆ.

ಮೂವರೂ ಸೇರಿ ಮಣ್ಣು ಮುಚ್ಚಿ, ನೀರು ಹೊಯ್ದೆವು. ಬಳ್ಳಿಯನ್ನು ದಾಳಿಂಬೆಯಿಂದ ಬಿಡಿಸಿ ಬಿದಿರು ಗಳುವಿಗೆ ಹಬ್ಬಿಸಿದೆವು.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಇವರು ಶಿಫ್ಟಿಗೆ ಹೊರಟವರು ಹಿತ್ತಲಿನಿಂದ ಕೂಗಿದರು. ಹೋಗಿ ನೋಡಿದರೆ ಗಳುವೇ ಕಾಣುತ್ತಿಲ್ಲ. ಬಳ್ಳಿಯ ತುಂಬ ಅಕ್ಕಿ ನುಚ್ಚು ಎರಚಿದಂತೆ ಬಿಳಿ ಹೂ, ಮುಳ್ಳಿನ ಸಂದಿಗಳಲ್ಲೆಲ್ಲ ಜೇನುನೊಣಗಳ ಗುಂಯ್‌ಗುಡುವಿಕೆ, ಬೀದಿಯವರೆಗೂ ಪರಿಮಳ. ರಸ್ತೆಯಲ್ಲಿ ಕಂಪನಿ ಬಸ್ಸು ಹಾರನ್ ಹೊಡೆದು, ಸ್ವಲ್ಪ ಹೊತ್ತು ಕಾದು, ಹೋಯಿತು. ಇಬ್ಬರಿಗೂ ಕೇಳಿಸಿತು. ಯಾರೂ ಅಲ್ಲಾಡಲಿಲ್ಲ.